ನಿವೃತ್ತಿಯ ನಂತರ ಜೋಡಿಯಾಗಿ ಮಿಷನ್‌ಗೆ: ಅರ್ಜಿಗೂ ಮೊದಲು ಮನೆಯಲ್ಲಿ ಆಗಬೇಕಾದ ತಯಾರಿ

ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಮಿಷನರಿ ಎಂದರೆ ಎಲ್ಲರಿಗೂ ನೆನಪಾಗುವುದು ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ನಾಮಫಲಕ ತೊಟ್ಟ ಇಪ್ಪತ್ತರ ಹುಡುಗರು. ಅದೇ ಫಲಕ ತೊಟ್ಟು ದುಡಿಯುವ ಅಜ್ಜ ಅಜ್ಜಿಯರೂ ಇದ್ದಾರೆ. ಭಾರತದಲ್ಲಿ ಈ ಸಭೆಯ ಇತ್ತೀಚಿನ ಚರಿತ್ರೆ ಶುರುವಾಗುವುದೇ ಒಂದು ದಂಪತಿಯಿಂದ. ಸಮೋವಾದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಎಡ್ವಿನ್ ಧರ್ಮರಾಜು ಮತ್ತು ಅವರ ಪತ್ನಿ ಎಲ್ಸಿ, 1978ರ ಡಿಸೆಂಬರ್‌ನಲ್ಲಿ ಕಿರು ಅವಧಿಯ ಮಿಷನ್ ಕರೆ (ಗೊತ್ತಾದ ಅವಧಿಗೆ ಸೇವೆ ಮಾಡಲು ಸಭೆಯ ನಾಯಕರು ಕೊಡುವ ಆಹ್ವಾನ) ಪಡೆದು ಹೈದರಾಬಾದಿಗೆ ಬಂದರು. ಅವರ ಬಂಧುಬಳಗದ 22 ಜನ ಆಗ ದೀಕ್ಷಾಸ್ನಾನ ಪಡೆದರು. ಮಿಷನರಿಗಳ ಕೆಲಸ ನೋಡಿಕೊಳ್ಳುವ ಆಡಳಿತ ಪ್ರದೇಶಕ್ಕೂ ಮಿಷನ್ ಎಂದೇ ಹೆಸರು; ಅಂಥ ಬೆಂಗಳೂರು ಮಿಷನ್ ಪ್ರತ್ಯೇಕವಾಗಿ ಆರಂಭವಾದದ್ದು ಅದಾಗಿ ಎಷ್ಟೋ ವರ್ಷದ ಮೇಲೆ, 1993ರಲ್ಲಿ.

ನಮ್ಮಲ್ಲಿ ಈಗ ನಿವೃತ್ತಿಯ ಅಂಚಿನಲ್ಲಿರುವ ಸದಸ್ಯ ದಂಪತಿಗಳು ಸಾಕಷ್ಟಿದ್ದಾರೆ. "ಹೋಗಬೇಕು ಅಂತ ಆಸೆ ಇದೆ, ಎಲ್ಲಿಂದ ಶುರು ಮಾಡೋದು ಗೊತ್ತಿಲ್ಲ" ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅರ್ಜಿ ತುಂಬುವುದು ಸುಲಭದ ಕೆಲಸ, ಕೆಲವು ಸಂಜೆ ಕೂತರೆ ಮುಗಿಯುತ್ತದೆ. ಎರಡು ವರ್ಷ ಮೊದಲೇ ಶುರುವಾಗಬೇಕಾದದ್ದು ಮನೆಯ ತಯಾರಿ: ಮೈ, ದುಡ್ಡು, ಕಾಗದಪತ್ರ, ಹೆತ್ತವರು, ಮಕ್ಕಳು, ಎಲ್ಲಕ್ಕಿಂತ ಹೆಚ್ಚಾಗಿ ಗಂಡ ಹೆಂಡತಿಯ ನಡುವಿನ ಹೊಂದಾಣಿಕೆ.

ಮೊದಲ ಮಾತು ನಿಮ್ಮಿಬ್ಬರ ನಡುವೆ

ಸ್ಥಳೀಯ ಸಭೆಯ ಮುಖ್ಯಸ್ಥರಾದ ಬಿಷಪ್ ಬಳಿ ಹೋಗುವ ಮೊದಲು ಇಬ್ಬರೂ ಕೂತು ಮಾತಾಡಿ. ಒಬ್ಬರಿಗೆ ಉತ್ಸಾಹ, ಇನ್ನೊಬ್ಬರು "ಅವರು ಹೇಳಿದರಲ್ಲ" ಎಂದು ತಲೆಯಾಡಿಸಿದ್ದಾರೆ ಎಂದರೆ ಅಲ್ಲಿಗೇ ನಿಲ್ಲಿಸಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಹೆಂಡತಿಯ ಮೌನವನ್ನು ಒಪ್ಪಿಗೆ ಎಂದುಕೊಳ್ಳುವುದು ಹಳೆಯ ಅಭ್ಯಾಸ. ಕರೆ ಬರುವುದು ಇಬ್ಬರ ಹೆಸರಿಗೂ. ಫಲಕ ಇಬ್ಬರಿಗೂ ಇರುತ್ತದೆ, ಕೆಲಸವೂ ಇಬ್ಬರದ್ದೇ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹುಡುಗ ಮಿಷನರಿಗಳಿಗೆ ಕೆಲವು ವಾರಕ್ಕೊಮ್ಮೆ ಜೊತೆಗಾರ ಬದಲಾಗುತ್ತಾನೆ. ನಿಮಗೆ ಬದಲಾಗುವುದಿಲ್ಲ. ಮೂವತ್ತು ವರ್ಷ ಒಬ್ಬರು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ ಸಂಜೆ ಬಂದವರು. ಈಗ ಎರಡು ಕೋಣೆಯ ಮನೆಯಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ಇಬ್ಬರೇ. ಇದಕ್ಕೆ ಮೊದಲೇ ಅಭ್ಯಾಸ ಬೇಕು. ಹೊರಡುವುದಕ್ಕೆ ಒಂದು ವರ್ಷ ಇರುವಾಗಲೇ ಗಂಡ ಅಡುಗೆಮನೆಗೆ ಇಳಿಯಲಿ. ಅನ್ನ, ಸಾರು, ಒಂದು ಪಲ್ಯ, ಚಪಾತಿ ಇಷ್ಟು ಬಂದರೆ ಸಾಕು. "ರೀ, ಅನ್ನಕ್ಕೆ ಇಟ್ಟಿರಾ?" ಎಂದು ಹೆಂಡತಿ ಮಿಷನ್ ಆಫೀಸಿನಿಂದ ಫೋನ್ ಮಾಡಿ ಕೇಳುವ ದಿನಗಳು ಬರುತ್ತವೆ. ಹಾಗೆಯೇ ಬ್ಯಾಂಕು, ಟಿಕೆಟ್ಟು, ಕಂಪ್ಯೂಟರ್ ಎಲ್ಲವನ್ನೂ ಗಂಡನಿಗೇ ಬಿಟ್ಟವರು ಅವನ್ನು ಈಗ ಕಲಿಯಲಿ. ಒಬ್ಬರು ಜ್ವರದಿಂದ ಮಲಗಿದರೆ ಇನ್ನೊಬ್ಬರು ಎಲ್ಲವನ್ನೂ ನೋಡಿಕೊಳ್ಳುವಂತಿರಬೇಕು.

ದಿನಾ ಬೆಳಿಗ್ಗೆ ಒಟ್ಟಿಗೆ ಶಾಸ್ತ್ರ ಓದಿ ಪ್ರಾರ್ಥನೆ ಮಾಡುವ ರೂಢಿ ಇಲ್ಲದಿದ್ದರೆ ಅದನ್ನೂ ಇವತ್ತೇ ಶುರುಮಾಡಿ. ಮಿಷನ್‌ಗೆ ಹೋದಮೇಲೆ ನೋಡೋಣ ಎಂದು ಮುಂದೂಡಬೇಡಿ.

ಯಾವ ಕೆಲಸಕ್ಕೆ ಹೋಗಬಹುದು

ಹಿರಿಯ ದಂಪತಿ ಮನೆಮನೆ ಸುತ್ತಿ ಬೋಧಿಸಬೇಕು ಎನ್ನುವುದು ತಪ್ಪು ತಿಳಿವಳಿಕೆ. ಹುಡುಗರಿಗಿರುವ ಬೆಳಗಿನ ಆರೂವರೆಯ ಕಟ್ಟುನಿಟ್ಟಿನ ವೇಳಾಪಟ್ಟಿ ಹಿರಿಯರಿಗಿಲ್ಲ. ಕೆಲಸಗಳೂ ಬೇರೆ: ಮಿಷನ್ ಆಫೀಸಿನ ಲೆಕ್ಕಪತ್ರ ಮತ್ತು ವೀಸಾ ಕಡತ, ಯುವ ಮಿಷನರಿಗಳ ಮನೆಗಳ ಉಸ್ತುವಾರಿ, ನೀರು-ನೈರ್ಮಲ್ಯ-ಗಾಲಿಕುರ್ಚಿಯಂಥ ಮಾನವೀಯ ನೆರವು, ದೇವಾಲಯ (ಭಾನುವಾರದ ಆರಾಧನೆಯ ಕಟ್ಟಡವಲ್ಲ, ವಿಶೇಷ ವಿಧಿಗಳಿಗೆಂದೇ ಇರುವ ಜಾಗ) ಸೇವೆ, ವಂಶಾವಳಿ ದಾಖಲೆಗಳ ಸಂರಕ್ಷಣೆ, ಯುವಜನರಿಗೆ ಪಾಠ, ವೈದ್ಯರಾಗಿದ್ದರೆ ಮಿಷನರಿಗಳಿಗೆ ಆರೋಗ್ಯ ಸಲಹೆ. ಬ್ರಾಂಚ್ ಎಂದು ಕರೆಯುವ ಚಿಕ್ಕ ಸ್ಥಳೀಯ ಸಭೆಗಳಲ್ಲಿ ಸದಸ್ಯರಿಗೂ ನಾಯಕರಿಗೂ ಬೆಂಬಲವಾಗಿ ನಿಲ್ಲುವ ಕೆಲಸಕ್ಕೆ ಎಲ್ಲ ಕಡೆ ಬೇಡಿಕೆ ಇದೆ. ನನ್ನ ಮಟ್ಟಿಗೆ ಇವುಗಳಲ್ಲೆಲ್ಲ ಫಲವತ್ತಾದದ್ದು ಅದೇ.

ಎಲ್ಲೆಲ್ಲಿ ಯಾವ ದಂಪತಿ ಬೇಕಾಗಿದ್ದಾರೆ ಎಂಬ ಪಟ್ಟಿ ಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಹುಡುಗರಿಗಿಲ್ಲದ ಒಂದು ಅನುಕೂಲ ಹಿರಿಯರಿಗಿದೆ: ಯಾವ ದೇಶ, ಯಾವ ಬಗೆಯ ಕೆಲಸ, ಎಷ್ಟು ಅವಧಿ ಎಂದು ಇಷ್ಟ ಸೂಚಿಸಬಹುದು. ಆದರೆ ಕೊನೆಯ ನಿರ್ಧಾರ ಸಭೆಯ ನಾಯಕರದು. ಬಯಸಿದ್ದು ಒಂದು, ಬಂದದ್ದು ಇನ್ನೊಂದು ಎಂದಾದರೂ ಒಪ್ಪಿಕೊಳ್ಳಲು ಮನಸ್ಸು ಸಿದ್ಧವಿರಲಿ. ಬೆಂಗಳೂರಿಗೆ ದೇವಾಲಯ ಘೋಷಣೆಯಾದದ್ದು 2018ರ ಏಪ್ರಿಲ್‌ನಲ್ಲಿ, ಕಟ್ಟಡದ ಕೆಲಸಕ್ಕೆ ಗುದ್ದಲಿ ಬಿದ್ದದ್ದು 2020ರ ಡಿಸೆಂಬರ್ 2ರಂದು. ದೇವಾಲಯ ಎಂದಮೇಲೆ ಅಲ್ಲಿ ಸೇವೆ ಮಾಡುವ ಹಿರಿಯ ಕೈಗಳು ಬೇಕು. ಕನ್ನಡ, ತಮಿಳು, ತೆಲುಗು ಮೂರೂ ಬರುವ ನಮ್ಮ ಕಡೆಯ ದಂಪತಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅವಧಿಯ ಬಗ್ಗೆ: 2011ರಲ್ಲಿ ಬಂದ ನಿಯಮದಂತೆ ದಂಪತಿಗಳು 6, 12, 18 ಅಥವಾ 23 ತಿಂಗಳು ಆರಿಸಿಕೊಳ್ಳಬಹುದು. ವಿದೇಶಕ್ಕೆ 18 ತಿಂಗಳಿಗಿಂತ ಕಡಿಮೆ ಅವಧಿಗೆ ಹೋಗುವವರು ಪ್ರಯಾಣದ ಖರ್ಚನ್ನು ತಾವೇ ಹಾಕಿಕೊಳ್ಳಬೇಕು ಎಂದೂ ಆಗ ಹೇಳಲಾಯಿತು. ಆರು ತಿಂಗಳ ಮಿಷನ್‌ನಲ್ಲಿ ಊರಿನ ಪರಿಚಯ ಆಗುವಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕಾಗುತ್ತದೆ. ಮೈ, ಮನೆ ಎರಡೂ ಒಪ್ಪಿದರೆ ಹದಿನೆಂಟು ತಿಂಗಳನ್ನೇ ಆರಿಸಿ ಎನ್ನುವುದು ನನ್ನ ಸಲಹೆ.

ಮನೆಯಲ್ಲಿ ವಯಸ್ಸಾದವರಿದ್ದರೆ

ಅರವತ್ತೆರಡರ ಮಗನಿಗೆ ಎಂಬತ್ತಾರರ ತಾಯಿ ಇರುವುದು ಈಗ ಸಾಮಾನ್ಯ. ಆ ತಾಯಿ ನಿಮ್ಮನ್ನೇ ನೆಚ್ಚಿಕೊಂಡಿದ್ದರೆ, ಸ್ನಾನಕ್ಕೂ ಮಾತ್ರೆಗೂ ನಿಮ್ಮ ಕೈಯೇ ಬೇಕಿದ್ದರೆ, ದೂರದ ಮಿಷನ್‌ಗೆ ಹೋಗಬೇಡಿ. ಅಂಥ ತಾಯಿಯನ್ನು ಬಾಡಿಗೆ ದಾದಿಯ ಮೇಲೆ ಬಿಟ್ಟುಹೋಗಿ ಪರದೇಶದಲ್ಲಿ ಸೇವೆ ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಮನೆಯಲ್ಲೇ ಇದ್ದು ವಾರಕ್ಕೆ ಕೆಲವು ಗಂಟೆ ಮಾಡುವ ಸೇವಾ ಮಿಷನ್‌ಗಳಿವೆ. ವಂಶಾವಳಿ ದಾಖಲೆಗಳ ಕೆಲಸವನ್ನು ಲ್ಯಾಪ್‌ಟಾಪ್ ಮುಂದೆ ಕೂತೇ ಮಾಡಬಹುದು. ಅದಕ್ಕೂ ಕರೆ ಬರುತ್ತದೆ, ಅದೂ ಮಿಷನ್ನೇ.

ಮಗಳ ಬಾಣಂತನ ಇನ್ನೊಂದು ದೊಡ್ಡ ಪ್ರಶ್ನೆ. ಮಗಳಿಗೆ, ಅಳಿಯನಿಗೆ, ಮಗ ಸೊಸೆಗೆ ತಿಂಗಳುಗಟ್ಟಲೆ ಮೊದಲೇ ಹೇಳಿ, ಅವರ ಲೆಕ್ಕಾಚಾರ ಕೇಳಿ. ಬಾಣಂತನ ಮುಗಿಸಿ ಹೊರಡುವಂತೆ ದಿನಾಂಕ ಹೊಂದಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಯಾವಾಗ ಹೊರಡಲು ಸಿದ್ಧ ಎನ್ನುವುದನ್ನು ಅರ್ಜಿಯಲ್ಲಿ ನೀವೇ ಬರೆಯುತ್ತೀರಿ. ಮಕ್ಕಳು ಸಭೆಯ ಸದಸ್ಯರಲ್ಲದಿದ್ದರೆ ಅವರ ಆತಂಕ ಹೆಚ್ಚಿರುತ್ತದೆ. ವಾದ ಮಾಡದೆ ಕೇಳಿಸಿಕೊಳ್ಳಿ. ಹಿರಿಯ ಮಿಷನರಿಗಳು ಮನೆಗೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ತುರ್ತಿದ್ದರೆ ಅನುಮತಿ ಪಡೆದು ಸ್ವಂತ ಖರ್ಚಿನಲ್ಲಿ ಕೆಲವು ದಿನ ಬಂದು ಹೋಗಬಹುದು ಎಂದು ತಿಳಿದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಮೈಯ ತಪಾಸಣೆ

ಅರ್ಜಿಯ ಜೊತೆ ಇಬ್ಬರಿಗೂ ವೈದ್ಯರ ಮತ್ತು ದಂತವೈದ್ಯರ ವರದಿ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಮುಚ್ಚಿಡಬೇಡಿ. ಅವು ಇದ್ದ ಮಾತ್ರಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ, ಚಿಕಿತ್ಸೆ ಸಿಗುವ ಜಾಗಕ್ಕೆ ಕಳಿಸಲು ಆ ಮಾಹಿತಿ ಬೇಕಾಗುತ್ತದೆ. ಮುಂದೂಡಿಕೊಂಡು ಬಂದಿರುವ ಕಣ್ಣಿನ ಪೊರೆ, ಮಂಡಿ, ಹರ್ನಿಯಾ ಇದ್ದರೆ ಈಗಲೇ ಮಾಡಿಸಿ, ಚೇತರಿಕೆಗೆ ಸಮಯ ಬೇಕು. ಹಲ್ಲಿನ ವಿಚಾರದಲ್ಲಿ ಇನ್ನೂ ಎಚ್ಚರ: ರೂಟ್ ಕೆನಾಲ್, ಕ್ಯಾಪ್, ಸೆಟ್ಟು ಎಲ್ಲ ಇಲ್ಲಿಯೇ ಮುಗಿಯಲಿ. ಹೊರದೇಶಗಳಲ್ಲಿ ಒಂದು ಹಲ್ಲಿನ ಬಿಲ್ಲು ತಿಂಗಳ ದಿನಸಿಗಿಂತ ಹೆಚ್ಚಾಗಬಹುದು.

ಔಷಧಿ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಮೂಲ ಔಷಧದ ಹೆಸರನ್ನೂ ಬರೆಸಿಕೊಳ್ಳಿ. ಇಲ್ಲಿನ ಬ್ರ್ಯಾಂಡ್ ಹೆಸರು ಅಲ್ಲಿನ ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಎರಡು ಜೊತೆ ಕನ್ನಡಕ ಇರಲಿ. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು ಪ್ರಮಾಣಪತ್ರ ಜೋಪಾನ ಮಾಡಿ. ಅದಿಲ್ಲದಿದ್ದರೆ ಅಲ್ಲಿಂದ ಮರಳಿ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ. ಅರವತ್ತು ದಾಟಿದವರಿಗೆ ಈ ಲಸಿಕೆಯ ಅಪಾಯ ಸ್ವಲ್ಪ ಹೆಚ್ಚು, ಆದ್ದರಿಂದ ನಿಮ್ಮ ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಿ.

ಸ್ವದೇಶದ ಹೊರಗೆ ಹೋಗುವ ಹಿರಿಯರಿಗೆ ಸಭೆಯದೇ ಒಂದು ವೈದ್ಯಕೀಯ ಯೋಜನೆ ಇದೆ, ತಿಂಗಳ ಕಂತನ್ನು ನೀವು ಕಟ್ಟಬೇಕು. ಅದು ಇದೆಯಲ್ಲ ಎಂದು ಊರಿನ ಆರೋಗ್ಯ ವಿಮೆಯನ್ನು ಮಾತ್ರ ಬಿಡಬೇಡಿ. ಒಮ್ಮೆ ಕೈತಪ್ಪಿದರೆ ಹಳೆಯ ಕಾಯಿಲೆಗಳ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಆ ವಯಸ್ಸಿಗೆ ಹೊಸ ಪಾಲಿಸಿ ಸಿಗುವುದೂ ಕಷ್ಟ.

ದುಡ್ಡು ಮತ್ತು ಕಾಗದಪತ್ರ

ಹಿರಿಯರಿಗೆ ಸಂಬಳವಿಲ್ಲ. ಊಟ, ಓಡಾಟ, ಬಾಡಿಗೆ ನಿಮ್ಮದೇ. ಬಾಡಿಗೆ ಹೊರೆ ವಿಪರೀತ ಆಗದಿರಲೆಂದು 2011ರಲ್ಲಿ ತಿಂಗಳಿಗೆ 1,400 ಡಾಲರ್ ಮಿತಿ ಹಾಕಲಾಯಿತು, ಅದಕ್ಕಿಂತ ಹೆಚ್ಚಾದದ್ದನ್ನು ಸಭೆ ಭರಿಸುತ್ತದೆ ಎಂದು. ರೂಪಾಯಿ ಪಿಂಚಣಿ ನಂಬಿದವರಿಗೆ ಆ ಮಿತಿಯೂ ದೊಡ್ಡದೇ. ಅದಕ್ಕೇ ನಮ್ಮ ದಂಪತಿಗಳು ಭಾರತದೊಳಗಿನ ಮಿಷನ್‌ಗಳು, ನೆರೆಯ ಏಷ್ಯಾ ದೇಶಗಳ ಕಡೆ ಮೊದಲು ನೋಡುವುದು ಒಳ್ಳೆಯದು. ಜಾಲತಾಣದ ಪಟ್ಟಿಯಲ್ಲಿ ಒಂದೊಂದು ಜಾಗಕ್ಕೂ ಅಂದಾಜು ತಿಂಗಳ ಖರ್ಚು ಕೊಟ್ಟಿರುತ್ತಾರೆ, ಅದರ ಮೇಲೆ ಇನ್ನಷ್ಟು ಸೇರಿಸಿ ಲೆಕ್ಕ ಹಾಕಿ. ಸಾಲದಿದ್ದರೆ ಬಿಷಪ್ ಬಳಿ ಸಂಕೋಚವಿಲ್ಲದೆ ಹೇಳಿ.

ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಮರೆಯಬೇಡಿ. ಸರ್ಕಾರಿ ಪಿಂಚಣಿಗೆ ಪ್ರತಿ ನವೆಂಬರ್‌ನಲ್ಲಿ ಕೊಡಬೇಕು, ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರಿಂದ ಜೀವನ್ ಪ್ರಮಾಣ್ ಮೂಲಕ ಡಿಜಿಟಲ್ ಆಗಿಯೂ ಆಗುತ್ತದೆ, ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕು. ವಿದೇಶದಲ್ಲಿದ್ದಾಗ ಭಾರತೀಯ ರಾಯಭಾರ ಕಚೇರಿಯಲ್ಲಿ ಮಾಡಿಸುವ ದಾರಿಯಿದೆ. ಹೊರಡುವ ಮೊದಲು ನಿಮ್ಮ ಬ್ಯಾಂಕಿನಲ್ಲಿ ಕ್ರಮ ಕೇಳಿಕೊಂಡು ಒಮ್ಮೆ ಮಾಡಿಯೂ ನೋಡಿ.

ಒಟಿಪಿ ಮುಖ್ಯ. ಬ್ಯಾಂಕು, ಆಧಾರ್, ತೆರಿಗೆ ಎಲ್ಲವೂ ನಿಮ್ಮ ಮೊಬೈಲ್ ನಂಬರಿಗೇ ಅಂಟಿಕೊಂಡಿವೆ. ಆ ಸಿಮ್ ನಿಮ್ಮ ಜೊತೆಗೇ ಬರಲಿ, ವಿದೇಶಿ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪದಂತೆ ಮಗನಿಗೋ ಮಗಳಿಗೋ ವಹಿಸಿ. ಸಿಮ್ಮನ್ನು ಮನೆಯಲ್ಲೇ ಬಿಟ್ಟರೆ ಪ್ರತಿ ಸಲ ಮಧ್ಯರಾತ್ರಿ ಅವರನ್ನು ಎಬ್ಬಿಸಿ "ನಂಬರ್ ಬಂತಾ, ಹೇಳು" ಎನ್ನಬೇಕಾಗುತ್ತದೆ. ವಿದೇಶಕ್ಕೆ ಹಣ ಕಳಿಸುವ ನಿಯಮ, ಹೆಚ್ಚು ದಿನ ಹೊರಗಿದ್ದರೆ ತೆರಿಗೆಯ ಸ್ಥಿತಿ ಹೇಗೆ ಬದಲಾಗುತ್ತದೆ ಎನ್ನುವುದನ್ನು ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೇಳಿ ಬರೆಸಿಕೊಳ್ಳಿ.

ಉಯಿಲು ಬರೆದಿಲ್ಲದಿದ್ದರೆ ಈಗ ಬರೆಯಿರಿ. ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ನೆಮ್ಮದಿ. ಆಸ್ತಿ ತೆರಿಗೆ, ಬಾಡಿಗೆ ಕರಾರು, ಬ್ಯಾಂಕಿನ ಓಡಾಟಕ್ಕಾಗಿ ನಂಬಿಕಸ್ಥರೊಬ್ಬರಿಗೆ ಅಧಿಕಾರ ಪತ್ರ ಬರೆದುಕೊಡಿ. ಯಾವ ಕೆಲಸಕ್ಕೆ ಎಂದು ಅದರಲ್ಲಿ ಸ್ಪಷ್ಟವಾಗಿರಲಿ, ಮಾರಾಟದ ಅಧಿಕಾರ ಸೇರಿಸಬೇಡಿ. ಪಾಸ್‌ಪೋರ್ಟ್ ಮಿಷನ್ ಮುಗಿದು ಆರು ತಿಂಗಳಾಗುವವರೆಗೂ ಚಾಲ್ತಿಯಲ್ಲಿರಬೇಕು, ಇಲ್ಲವಾದರೆ ಮೊದಲೇ ನವೀಕರಿಸಿ.

ಅರ್ಜಿ, ಸಂದರ್ಶನ, ಕರೆ

ಇಷ್ಟಾದ ಮೇಲೆ ಬಿಷಪ್ ಅಥವಾ ಬ್ರಾಂಚ್ ಪ್ರೆಸಿಡೆಂಟ್ ಬಳಿ ಹೋಗಿ. ಅವರು ಆನ್‌ಲೈನ್ ಅರ್ಜಿ ತೆರೆದುಕೊಡುತ್ತಾರೆ. ವಿವರ ತುಂಬಿ, ವೈದ್ಯಕೀಯ ವರದಿ, ಫೋಟೊ ಸೇರಿಸಿದ ಮೇಲೆ ಬಿಷಪ್, ನಂತರ ಸ್ಟೇಕ್ ಪ್ರೆಸಿಡೆಂಟ್ (ಹಲವು ಸ್ಥಳೀಯ ಸಭೆಗಳ ಮೇಲಿನ ನಾಯಕರು) ಸಂದರ್ಶನ ಮಾಡುತ್ತಾರೆ. ಹೊರಡುವ ಮುನ್ನ ದೇವಾಲಯದ ವಿಧಿಗಳು ಆಗಿರಬೇಕು. ಭಾರತದ ಸದಸ್ಯರು ಇದಕ್ಕಾಗಿ ಹಾಂಗ್‌ಕಾಂಗ್, ಮನಿಲಾ, 2023ರಲ್ಲಿ ಸಮರ್ಪಣೆಯಾದ ಬ್ಯಾಂಕಾಕ್ ದೇವಾಲಯಗಳಿಗೆ ಹೋಗಿಬಂದಿದ್ದಾರೆ. ನೀವಿನ್ನೂ ಹೋಗಿರದಿದ್ದರೆ ಆ ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕರೆಪತ್ರ ಬಂದ ಮೇಲೂ ವೀಸಾ ಆಗಲು ತಿಂಗಳುಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ಹೋಗುವ ಊರಿನ ಭಾಷೆಯ ನಾಲ್ಕು ಮಾತು ಕಲಿಯಿರಿ. ಈಗ ಅಲ್ಲಿರುವ ದಂಪತಿಗೆ ಮೇಲ್ ಬರೆಯಿರಿ. ಚಳಿ ಎಷ್ಟು, ಅಕ್ಕಿ ಬೇಳೆ ಎಲ್ಲಿ ಸಿಗುತ್ತದೆ, ಕಾರು ಬೇಕೇ ಎಂದು ಅವರು ಹೇಳುವಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು. ಅವರು ಹೊರಡುವಾಗ ಪಾತ್ರೆ, ಹೊದಿಕೆ ಬಿಟ್ಟುಹೋಗುವುದೂ ಉಂಟು, ಕೇಳಿಕೊಂಡರೆ ಪೆಟ್ಟಿಗೆ ಹಗುರ. ತರಬೇತಿ ಈಗ ಬಹುಪಾಲು ಚಿಕ್ಕದು. ಕೆಲವರಿಗೆ ಮನೆಯಿಂದಲೇ ಆನ್‌ಲೈನ್, ಕೆಲವರಿಗೆ ಯೂಟಾದ ಪ್ರೊವೊ ಅಥವಾ ಮನಿಲಾದಂಥ ತರಬೇತಿ ಕೇಂದ್ರಗಳಲ್ಲಿ.

ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪ್ರೆಶರ್ ಕುಕ್ಕರ್, ಸಾರಿನ ಪುಡಿ ಇರಲಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಬೀಜ, ಕಾಳು, ಉಪ್ಪಿನಕಾಯಿ ವಿಚಾರದಲ್ಲಿ ತಪಾಸಣೆ ಬಹಳ ಕಠಿಣ. ತಂದದ್ದನ್ನೆಲ್ಲ ಫಾರಂನಲ್ಲಿ ಬರೆದು ತೋರಿಸಿ, ಬಚ್ಚಿಡಬೇಡಿ.

ಕಾನೂನಿನ ಎಚ್ಚರ

ಭಾರತದೊಳಗೇ ಸೇವೆ ಮಾಡುವವರು ಇದನ್ನು ಗಮನವಿಟ್ಟು ಓದಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸಿ ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಲವು ರಾಜ್ಯಗಳಲ್ಲಿ ಒತ್ತಾಯ, ಆಮಿಷದ ಮತಾಂತರದ ವಿರುದ್ಧ ಕಠಿಣ ಕಾನೂನುಗಳಿವೆ. ಗಾಲಿಕುರ್ಚಿ, ಪುಸ್ತಕ, ಔಷಧಿ ಹಂಚುವ ಜಾಗದಲ್ಲಿ ಧರ್ಮದ ಮಾತು ಎತ್ತಲೇಬೇಡಿ. ನೆರವು ಪಡೆಯುವವರ ಜಾತಿ, ಮತ ಕೇಳಬೇಡಿ. ಕಾನೂನಿನ ಭಯ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ: ಹಸಿದವನ ಮುಂದೆ ಅನ್ನ ಹಿಡಿದು ನಂಬಿಕೆ ಕೇಳುವುದು ಕ್ರಿಸ್ತನ ದಾರಿಯಲ್ಲ. ಹೊರದೇಶಕ್ಕೆ ಹೋಗುವವರು ತಮ್ಮ ವೀಸಾದಲ್ಲಿ ಯಾವ ಕೆಲಸಕ್ಕೆ ಅನುಮತಿ ಇದೆ ಎಂದು ಓದಿ, ಅದಕ್ಕೇ ಬದ್ಧರಾಗಿರಿ.

ಹೋದ ಮೇಲಿನ ಮೊದಲ ವಾರಗಳು

ಮೊದಲ ಹತ್ತು ದಿನ ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ. ಆಸ್ಪತ್ರೆ, ಔಷಧಿ ಅಂಗಡಿ, ತರಕಾರಿ, ಬಸ್ಸು ಎಲ್ಲಿ ಎಂದು ನಡೆದು ನೋಡಿ. ನಿದ್ದೆ ಸರಿಹೋಗಲಿ.

ಯುವ ಮಿಷನರಿಗಳ ಮನೆ ತಪಾಸಣೆ ನಿಮ್ಮ ಪಾಲಿಗೆ ಬಂದರೆ ಹೋಗುವ ಮೊದಲು ಫೋನ್ ಮಾಡಿ. ಬಾಗಿಲು ತೆರೆಯುವ ಹುಡುಗನಿಗೆ ಹತ್ತೊಂಬತ್ತು. ಫ್ರಿಜ್ಜಿನಲ್ಲಿ ನಾಲ್ಕು ಮೊಟ್ಟೆ, ಅರ್ಧ ಬಾಟಲಿ ಕೆಚಪ್, ಒಣಗಿದ ಬ್ರೆಡ್ಡು. ಸಿಂಕಿನಲ್ಲಿ ನಿನ್ನೆಯ ನೂಡಲ್ಸ್ ಪಾತ್ರೆ. ತಪಾಸಣೆಯ ಹಾಳೆಯಲ್ಲಿ ಅಂಕ ಕಡಿಮೆ ಹಾಕಿ ಬಂದರೆ ಮುಂದಿನ ತಿಂಗಳೂ ಹೀಗೇ ಇರುತ್ತದೆ. ತೋಳು ಮಡಚಿ, ಅವರ ಕೈಯಲ್ಲೇ ಈರುಳ್ಳಿ ಹೆಚ್ಚಿಸಿ, ಒಂದು ಬೇಳೆ ಸಾರು ಮಾಡುವುದನ್ನು ಕಲಿಸಿ. ಊಟದ ನಡುವೆ ಆ ಹುಡುಗ ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲ ಎಂದು ಹೇಳುತ್ತಾನೆ. ಇಡೀ ಮಿಷನ್‌ನ ಮುಖ್ಯಸ್ಥರಾದ ಮಿಷನ್ ಪ್ರೆಸಿಡೆಂಟ್ ಮುಂದೆ ಅವನು ಅದನ್ನು ಹೇಳಿರುವುದಿಲ್ಲ. ಹಿರಿಯರನ್ನು ಕಳಿಸುವುದು ಇಂಥದ್ದಕ್ಕೇ.

ಬ್ರಾಂಚ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಶುರುಮಾಡಿ. ನೀವು ಮ್ಯಾನೇಜರ್ ಆಗಿದ್ದಿರಬಹುದು, ಮುಖ್ಯೋಪಾಧ್ಯಾಯಿನಿ ಆಗಿದ್ದಿರಬಹುದು. ಇಲ್ಲಿ ಬ್ರಾಂಚ್ ಪ್ರೆಸಿಡೆಂಟ್ ಇಪ್ಪತ್ತೆಂಟರ ಯುವಕನಾಗಿದ್ದರೂ ಹಿಂಡಿನ ಹೊಣೆ ಅವನದು. ಅವನ ಬದಲು ಸಭೆ ನಡೆಸಬೇಡಿ, ಅವನ ಪಕ್ಕ ಕೂತು ಹಾಜರಿ ಹೇಗೆ ಇಡುವುದು, ಬಾರದವರ ಮನೆಗೆ ಹೇಗೆ ಹೋಗುವುದು ಎಂದು ಕೇಳಿದಾಗ ತೋರಿಸಿ. ಎಲ್ಲವನ್ನೂ ದಂಪತಿಯೇ ಮಾಡಿಕೊಟ್ಟ ಬ್ರಾಂಚ್‌ಗಳು ಅವರು ಹೊರಟ ತಿಂಗಳೇ ಕುಸಿದದ್ದಿದೆ. ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು ಒಬ್ಬಳೇ ಕೂತಿದ್ದರೆ ಪಕ್ಕದಲ್ಲಿ ಹೋಗಿ ಕೂರಿ, ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಮುಂದಿನ ಭಾನುವಾರ ಆ ಹೆಸರು ಹಿಡಿದೇ ಕರೆಯಿರಿ.

ಮೊಮ್ಮಕ್ಕಳ ವಿಡಿಯೊ ಕರೆಗೆ ವಾರದಲ್ಲಿ ಒಂದು ಹೊತ್ತು ಗೊತ್ತುಮಾಡಿ. ದಿನಾ ಮೂರು ಸಲ ಫೋನ್ ಹಿಡಿದರೆ ಮೈ ಇಲ್ಲಿ, ಮನಸ್ಸು ಊರಲ್ಲಿ ಎಂದಾಗುತ್ತದೆ. ವಾರದಲ್ಲಿ ಒಂದು ದಿನ ಇಬ್ಬರೇ ಎಲ್ಲಿಗಾದರೂ ಹೋಗಿ, ಮಿಷನ್ ವಿಷಯ ಬಿಟ್ಟು ಬೇರೆ ಮಾತಾಡಿ.

ಎರಡನೆಯ, ಮೂರನೆಯ ತಿಂಗಳಲ್ಲಿ "ನಾವು ಇಲ್ಲಿ ಯಾಕೆ ಬಂದೆವು" ಎನಿಸುವುದು ಬಹುತೇಕ ಎಲ್ಲ ದಂಪತಿಗಳಿಗೂ ಆಗುತ್ತದೆ. ಹೊಸತನದ ಹುರುಪು ಇಳಿದಿರುತ್ತದೆ, ಗೆಳೆತನ ಇನ್ನೂ ಬೇರೂರಿರುವುದಿಲ್ಲ. ಆಗ ಇಬ್ಬರಲ್ಲಿ ಯಾರಿಗೆ ಕೆಲಸ ಸಾಲದು, ಯಾರಿಗೆ ಹೆಚ್ಚಾಗಿದೆ ಎಂದು ಬಿಡಿಸಿ ನೋಡಿ. ಸಾಮಾನ್ಯವಾಗಿ ಒಬ್ಬರು ಆಫೀಸಿನಲ್ಲಿ ಮುಳುಗಿರುತ್ತಾರೆ, ಇನ್ನೊಬ್ಬರು ಕಿಟಕಿ ನೋಡುತ್ತ ಕೂತಿರುತ್ತಾರೆ. ಆ ಇನ್ನೊಬ್ಬರಿಗೆ ತಮ್ಮದೇ ಒಂದು ಕೆಲಸ ಬೇಕು: ಪಿಯಾನೋ ತರಗತಿ, ಇಂಗ್ಲಿಷ್ ಪಾಠ, ಯುವತಿಯರಿಗೆ ಹೊಲಿಗೆ, ವಂಶಾವಳಿ ಮೇಜು. ಮಿಷನ್ ಪ್ರೆಸಿಡೆಂಟ್ ಹತ್ತಿರ ಸಮಯ ಕೇಳಿ, ಇಬ್ಬರೂ ಒಟ್ಟಿಗೆ ಹೋಗಿ, ಏನು ಮಾಡಲು ಬರುತ್ತದೆ ಎನ್ನುವುದನ್ನು ಹಾಳೆಯಲ್ಲಿ ಬರೆದುಕೊಂಡು ಹೇಳಿ. ಸಾಮಾನ್ಯವಾಗಿ ಅವರು ಕೆಲಸ ಬದಲಿಸಿಯೋ ಹೊಸದೊಂದನ್ನು ಸೇರಿಸಿಯೋ ಕೊಡುತ್ತಾರೆ.